ಹುಣ್ಣು ತಾನಾಗಿ ಮಾಯವಾಗಿದೆ, ಹೆಂಡತಿಗೆ ಆರು ತಿಂಗಳು. ಪರೀಕ್ಷೆ ಬೇಕಾ?

ಹಾವೇರಿಹುಡುಗ29 ಕೇಳಿದ್ದು:

ನಾನು ಜೆಸಿಬಿ ಓಡಿಸುತ್ತೇನೆ. ಕೆಲಸ ಸಿಕ್ಕ ಊರಲ್ಲಿ ತಿಂಗಳುಗಟ್ಟಲೆ ಇರಬೇಕು. ದಸರಾ ಹೊತ್ತಿಗೆ ಬಳ್ಳಾರಿ ಕಡೆ ಸೈಟಿನಲ್ಲಿದ್ದಾಗ ತಪ್ಪು ಮಾಡಿದೆ. ಕಾಂಡೋಮ್ ಇರಲಿಲ್ಲ. ದೀಪಾವಳಿಗೆ ಊರಿಗೆ ಬಂದು ಎರಡು ದಿನಕ್ಕೆ ಮುಂದೊಗಲಿನ ಕೆಳಗೆ ಒಂದು ಹುಣ್ಣು ಕಂಡಿತು. ಕಡಲೆ ಕಾಳಿನಷ್ಟು. ನೋವೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಉಷ್ಣಕ್ಕೆ ಆಗಿದೆ ಅಂದೆ, ಮುಲಾಮು ಕೊಟ್ಟರು. ಮೂರು ವಾರದಲ್ಲಿ ಹೋಯಿತು. ನಾನೂ ಮರೆತುಬಿಟ್ಟೆ.

ಸಂಕ್ರಾಂತಿ ಮುಗಿದ ಮೇಲೆ ಅಂಗೈ, ಅಂಗಾಲಲ್ಲಿ ತಾಮ್ರದ ಬಣ್ಣದ ಚುಕ್ಕೆಗಳು ಎದ್ದಿವೆ. ತುರಿಕೆ ಇಲ್ಲ. ಗ್ರೀಸ್ ಅಲರ್ಜಿ ಅಂದುಕೊಂಡೆ. ಆದರೆ ಅಂಗಾಲಿಗೆ ಗ್ರೀಸ್ ಎಲ್ಲಿಂದ ಬರಬೇಕು? ಅವತ್ತಿನಿಂದ ನಿದ್ದೆ ಇಲ್ಲ.

ಹೆಂಡತಿಗೆ ಈಗ ಆರು ತಿಂಗಳು. ದೀಪಾವಳಿಗೆ ಮೊದಲೇ ಅವಳ ರಕ್ತ ಪರೀಕ್ಷೆ ಆಗಿದೆ, ಎಲ್ಲ ಸರಿ ಇದೆ ಅಂತ ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ. ಹಬ್ಬಕ್ಕೆ ಬಂದಾಗ ನಾವು ಸೇರಿದ್ದೆವು. ಅವಳಿಗೆ ಹೇಳದೆ ಏನಾದರೂ ಮಾಡಲು ಆಗುತ್ತದಾ?

ಸಿಂಧನೂರಿನವ:

ಅಣ್ಣಾ, ಮೊದಲು ಗೋಡೆ ಮೇಲಿನ 'ಗುಪ್ತರೋಗ' ಪೋಸ್ಟರ್ ನೋಡಿ ಹೋಗಬೇಡ. ನನಗೆ ಉರಿಮೂತ್ರ, ಕೀವು ಇತ್ತು. ಲಾಡ್ಜ್ ರೂಮಿನಲ್ಲಿ ಕೂತಿದ್ದ ಒಬ್ಬ ನಾಲ್ಕು ತಿಂಗಳು ಚೂರ್ಣ ಕೊಟ್ಟು 18,000 ರೂಪಾಯಿ ತೆಗೆದುಕೊಂಡ. ಕೊನೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಬೂದು ಬಣ್ಣದ ಒಂದು ಪೊಟ್ಟಣ ಕೊಟ್ಟರು. ಎರಡೇ ಮಾತ್ರೆ, ಬಿಟ್ಟಿ. ಹೆಂಡತಿಗೆ ಏನೂ ತೊಂದರೆ ಕಾಣದಿದ್ದರೂ ಅವಳಿಗೂ ಕೊಟ್ಟರು. ಇಲ್ಲದಿದ್ದರೆ ಅವಳಿಂದ ಮತ್ತೆ ನನಗೇ ಬರುತ್ತಿತ್ತಂತೆ.

ಸಮಾಲೋಚಕಿ_ಅಕ್ಕ:

ತಮ್ಮಾ, ನಾನು 14 ವರ್ಷ ತಾಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿಯಾಗಿದ್ದೆ. ನೋಡದೆ ಇದು ಇಂಥದ್ದೇ ಅಂತ ಹೇಳಲಾರೆ. ಆದರೆ ನೋವಿಲ್ಲದ ಹುಣ್ಣು, ಅದು ತಾನಾಗಿ ಮಾಯ, ಆಮೇಲೆ ಅಂಗೈ ಅಂಗಾಲಿಗೆ ಚುಕ್ಕೆ: ಈ ಮೂರನ್ನೂ ಕೇಳಿದರೆ ಸಿಫಿಲಿಸ್ ನೆನಪಾಗುತ್ತದೆ. ಹಳಬರು ಪರಂಗಿ ಹುಣ್ಣು ಅನ್ನುತ್ತಾರಲ್ಲ, ಅದೇ. ಹುಣ್ಣು ಹೋಗಿದ್ದು ಮುಲಾಮಿನಿಂದ ಅಲ್ಲ. ಏನೂ ಹಚ್ಚದಿದ್ದರೂ ಮೂರರಿಂದ ಆರು ವಾರದಲ್ಲಿ ಅದು ಹೋಗುತ್ತದೆ. ರೋಗಾಣು ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಈ ಚುಕ್ಕೆಗಳೂ ಹೋಗುತ್ತವೆ. ಆಗ 'ವಾಸಿಯಾಯಿತು' ಅಂತ ಮತ್ತೆ ಸುಮ್ನೆ ಕೂತರೆ ವರ್ಷಗಳ ನಂತರ ಮೆದುಳು, ಹೃದಯ, ಕಣ್ಣಿಗೆ ಹೋಗಬಹುದು. ನನ್ನ ಮುಂದೆ ಕೂತ ಎಷ್ಟೋ ಜನ 'ಆಗಲೇ ವಾಸಿಯಾಗಿತ್ತಲ್ಲ ಮೇಡಂ' ಅಂದಿದ್ದಾರೆ.

ನಾಳೆಯೇ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗು, ಲೈಂಗಿಕವಾಗಿ ಅಂಟುವ ರೋಗಗಳನ್ನು ನೋಡುವುದು ಅಲ್ಲೇ. ಸಾಮಾನ್ಯವಾಗಿ ಚರ್ಮರೋಗ ವಿಭಾಗದ ಹತ್ತಿರ ಇರುತ್ತದೆ. ಕೇಳಲು ಸಂಕೋಚ ಆದರೆ ಮೊದಲು ಎಚ್‌ಐವಿ/ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡು, ಅದು ಉಚಿತ. ಸಿಫಿಲಿಸ್ ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸು. ಹುಣ್ಣು ಇದ್ದಾಗ ಎಚ್‌ಐವಿ ಅಂಟುವ ಸಾಧ್ಯತೆ ಜಾಸ್ತಿ. ದಸರಾದಿಂದ ಈಗ ಮೂರು ತಿಂಗಳು ದಾಟಿದೆ, ಹಾಗಾಗಿ ಈಗಿನ ಫಲಿತಾಂಶವನ್ನು ನಂಬಬಹುದು.

ಸಿಫಿಲಿಸ್ ಅಂತಾದರೆ ಮದ್ದು ಪೆನಿಸಿಲಿನ್ ಇಂಜೆಕ್ಷನ್. ಈ ಹಂತದಲ್ಲಿ ಸಾಮಾನ್ಯವಾಗಿ ಒಂದೇ ಸಲ, ಸೊಂಟದ ಕೆಳಗೆ ಕೊಡುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅವತ್ತು ರಾತ್ರಿ ಜ್ವರ, ಚಳಿ ಬರಬಹುದು, ಹೆದರಬೇಡ. ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳು.

ಇನ್ನು ನಿನ್ನ ಹೆಂಡತಿ. ಆ ತಾಯಿ ಕಾರ್ಡಿನ ಫಲಿತಾಂಶ ದೀಪಾವಳಿಗೆ ಮೊದಲಿನದ್ದು. ನೀವು ಸೇರಿದ್ದು ಆಮೇಲೆ. ಹಾಗಾಗಿ ಆ ಕಾಗದ ಈಗ ಲೆಕ್ಕಕ್ಕಿಲ್ಲ. ಅವಳಿಗೆ ಈ ವಾರವೇ ಮತ್ತೆ ಪರೀಕ್ಷೆ ಆಗಬೇಕು. ಬಸುರಿಯಲ್ಲಿ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ ಬಿಟ್ಟರೆ ಮಗು ಹೊಟ್ಟೆಯಲ್ಲೇ ಹೋಗಬಹುದು, ಹುಟ್ಟಿದ ಮಗುವಿನ ಮೂಳೆ, ಕಣ್ಣು, ಕಿವಿಗೆ ತೊಂದರೆ ಆಗಬಹುದು. ಅದೇ ಪೆನಿಸಿಲಿನ್ ಬೇಗ ಕೊಟ್ಟರೆ ಮಗುವಿಗೂ ತಲುಪುತ್ತದೆ. ಬೇರೆ ಮಾತ್ರೆಗಳು ಮಗುವಿಗೆ ಅಷ್ಟು ಭರವಸೆಯವಲ್ಲ. ಮುಂದಿನ ಚೆಕಪ್‌ವರೆಗೆ ಕಾಯಬೇಡ.

ಅವಳಿಗೆ ಗೊತ್ತಾಗದಂತೆ ಪರೀಕ್ಷೆ ಮಾಡಿಸುವುದು ಆಗದು. ಆಗಲೂಬಾರದು. ರಕ್ತ ಅವಳದು, ಒಪ್ಪಿಗೆಯೂ ಅವಳದೇ. ಹೇಳುವಾಗ ಮಾತು ಹೊರಡದಿದ್ದರೆ ಸಮಾಲೋಚಕರ ಕೋಣೆಯಲ್ಲೇ ಹೇಳು. ನಾನು ಎಷ್ಟೋ ಜೋಡಿಗಳ ನಡುವೆ ಹಾಗೆ ಕೂತಿದ್ದೇನೆ. ಇಬ್ಬರ ಚಿಕಿತ್ಸೆ ಮುಗಿದು ಡಾಕ್ಟರ್ ಸರಿ ಅನ್ನುವವರೆಗೆ ಸೇರಬೇಡಿ. ಆರು ತಿಂಗಳು, ವರ್ಷಕ್ಕೆ ನಿನ್ನ ರಕ್ತ ಮತ್ತೆ ನೋಡುತ್ತಾರೆ, ಅದನ್ನೂ ತಪ್ಪಿಸಬೇಡ.

ಮುಂದೆ ಸೈಟಿಗೆ ಹೋಗುವಾಗ ಕಾಂಡೋಮ್ ಚೀಲದಲ್ಲಿರಲಿ, ಗಾಡಿಯ ಬಿಸಿ ಡ್ಯಾಶ್‌ಬೋರ್ಡಿನಲ್ಲಿ ಬೇಡ. ಕೊಬ್ಬರಿ ಎಣ್ಣೆ ಹಚ್ಚಿದರೆ ಹರಿಯುತ್ತದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಕಾಂಡೋಮ್ ಇದ್ದರೂ ಅಂಟಬಹುದು.

ಮಲ್ಲಿಗೆ_ದಾವಣಗೆರೆ:

ನಾನು ಹೆಂಡತಿಯ ಜಾಗದಲ್ಲಿ ಇದ್ದವಳು. ನನ್ನ ಗಂಡ ಹೇಳಲಿಲ್ಲ. ಏಳನೇ ತಿಂಗಳಲ್ಲಿ ವಾರ್ಡಿನ ನರ್ಸ್ ಎಲ್ಲರ ಎದುರು 'ನಿಮ್ಮೆಜಮಾನ್ರನ್ನ ಕರ್ಕೊಂಡು ಬನ್ನಿ' ಅಂದಾಗ ತಿಳಿಯಿತು. ತಪ್ಪಿಗಿಂತ ಆ ನಿಮಿಷ ಜಾಸ್ತಿ ನೋವು ಕೊಟ್ಟಿತು. ನೀವೇ ಹೇಳಿ. ಸಿಟ್ಟು ಮಾಡುತ್ತಾಳೆ, ಮಾಡಲಿ. ನನ್ನ ಮಗಳಿಗೆ ಈಗ ಐದು ವರ್ಷ, ಚೆನ್ನಾಗಿದ್ದಾಳೆ.

ಹಾವೇರಿಹುಡುಗ29:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಹೋಗಿದ್ದೆ. ಪರೀಕ್ಷೆಯಲ್ಲಿ ಸಿಫಿಲಿಸ್ ಬಂತು, ಎಚ್‌ಐವಿ ಇಲ್ಲ. ಇಂಜೆಕ್ಷನ್ ಆಯಿತು. ಅಕ್ಕ ಹೇಳಿದ ಹಾಗೆಯೇ ರಾತ್ರಿ ಜ್ವರ ಬಂತು. ಅದೇ ಜ್ವರದಲ್ಲಿ ಅವಳಿಗೆ ಹೇಳಿದೆ. ತುಂಬಾ ಅತ್ತಳು, ಬೆಳಗಿನವರೆಗೂ ಮಾತಾಡಲಿಲ್ಲ. ಬೆಳಿಗ್ಗೆ ತಾಯಿ ಕಾರ್ಡ್ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಈಗ ಒಪಿಡಿ ಸಾಲಿನಲ್ಲಿದ್ದೇವೆ, ನಮ್ಮ ಟೋಕನ್ 41.