ಫ್ಯಾಟಿ ಲಿವರ್ ಮತ್ತು ಮಳೆಗಾಲದ ಜ್ವರ: ಸಂಶೋಧಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದ ಕೃಷಿಕರೊಬ್ಬರು): ಡಾಕ್ಟರೇ, ನಮಸ್ಕಾರ. ನನಗೆ 48 ವರ್ಷ, ಮದ್ಯಪಾನದ ಅಭ್ಯಾಸವಿಲ್ಲ. ಜೂನಿನಲ್ಲಿ ಇನ್‌ಫ್ಲುಯೆಂಜಾ ಬಂದಾಗ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಲಿವರಿನ ಕಿಣ್ವ ಹೆಚ್ಚಿತ್ತು. ಮರುವಾರ ಮಂಗಳೂರಿನಲ್ಲಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಎಂದು ಬಂದಿದೆ. ವೈರಸ್ ಲಿವರನ್ನು ಕೆಡಿಸಿತೇ, ಅಥವಾ ಲಿವರಿನಲ್ಲಿ ಕೊಬ್ಬಿದ್ದುದರಿಂದ ಜ್ವರ ಜೋರಾಯಿತೇ?

ಉತ್ತರ: ನಮಸ್ಕಾರ. ಸ್ಕ್ಯಾನಿಂಗಿನಲ್ಲಿ ಕಂಡ ಕೊಬ್ಬು ಹೆಚ್ಚಾಗಿ ಜ್ವರಕ್ಕೆ ಮೊದಲೇ ಇದ್ದುದು. ಜ್ವರದ ನೆಪದಲ್ಲಿ ಪತ್ತೆಯಾಯಿತು, ಅಷ್ಟೆ. ಎಸ್‌ಜಿಪಿಟಿ ಏರಿದ್ದಕ್ಕೆ ಮಾತ್ರ ಜ್ವರದ ಪಾಲೂ ಇರಬಹುದು. ಇಲಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜಾ ವೈರಸ್ ಶ್ವಾಸಾಂಗದಲ್ಲೇ ಉಳಿದಿದ್ದರೂ ಅದರ ವಿರುದ್ಧ ಸಿದ್ಧವಾದ ಟಿ ಜೀವಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಲಿವರಿನಲ್ಲಿ ನೆಲೆಗೊಂಡು, ಅಲ್ಲಿನ ಕುಪ್ಫರ್ ಕೋಶಗಳೆಂಬ ರೋಗನಿರೋಧಕ ಕೋಶಗಳ ಜೊತೆ ಸೇರಿ ಉರಿಯೂತ ಉಂಟುಮಾಡಿದ್ದು ಕಂಡುಬಂದಿತು. ಅಂದರೆ ವೈರಸ್ ತಲುಪದ ಅಂಗಕ್ಕೂ ಅದರ ಪೆಟ್ಟು ತಲುಪಬಹುದು.

ನಿಮ್ಮ ಎರಡನೆಯ ಪ್ರಶ್ನೆ ಕಠಿಣವಾದುದು. 2009ರ ಎಚ್‌1ಎನ್‌1 ಪಿಡುಗಿನಲ್ಲಿ, ಮತ್ತೆ ಕೋವಿಡ್‌ನಲ್ಲಿ, ಬೊಜ್ಜು ಇದ್ದವರಿಗೆ ರೋಗ ತೀವ್ರವಾಗುವ ಸಂಭವ ಹೆಚ್ಚೆಂದು ಸ್ಪಷ್ಟವಾಯಿತು. ಆದರೆ ಫ್ಯಾಟಿ ಲಿವರ್ ಒಂಟಿಯಾಗಿ ಬರುವುದು ಅಪರೂಪ. ಮಧುಮೇಹ, ಬೊಜ್ಜು, ರಕ್ತದೊತ್ತಡ ಅದರ ಜೊತೆಗಿರುತ್ತವೆ. 2023ರಲ್ಲಿ ರೋಗದ ಹೆಸರನ್ನೇ ಚಯಾಪಚಯದ ದೋಷವನ್ನು ಸೂಚಿಸುವಂತೆ ಬದಲಿಸಿದ್ದು ಈ ಕಾರಣಕ್ಕೆ. ಹಾಗಿರುವಾಗ ತೀವ್ರತೆಗೆ ಲಿವರಿನ ಕೊಬ್ಬೇ ಕಾರಣವೋ, ಜೊತೆಗಿದ್ದ ಸಕ್ಕರೆ ಕಾಯಿಲೆಯೋ ಎಂದು ಬಿಡಿಸುವುದು ನಮ್ಮಂಥವರ ಕೆಲಸದ ಬಹುಪಾಲು. ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪ ಲಿವರಿನಲ್ಲಿ ಕೊಬ್ಬು ಹೆಚ್ಚಿಸುತ್ತದೆ. ಬೊಜ್ಜು, ಮಧುಮೇಹ ಇರಲಿ ಬಿಡಲಿ, ಅದನ್ನು ಹುಟ್ಟಿನಿಂದ ಪಡೆದವರನ್ನು ಉಳಿದವರೊಂದಿಗೆ ಹೋಲಿಸುವುದು ಅದಕ್ಕೊಂದು ದಾರಿ. ಗ್ರೇಡ್ 1 ಎಂಬ ಒಂದೇ ಕಾರಣಕ್ಕೆ ಭಯಪಡಬೇಕೆಂದು ನಾನು ಹೇಳಲಾರೆ.

ಗ್ರೇಡ್ ಕೊಬ್ಬಿನ ಪ್ರಮಾಣವನ್ನಷ್ಟೇ ಸೂಚಿಸುತ್ತದೆ, ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದನ್ನಲ್ಲ. ಅದನ್ನು ಅಂದಾಜಿಸಲು ವಯಸ್ಸು, ಎಸ್‌ಜಿಒಟಿ (ಲಿವರಿನ ಇನ್ನೊಂದು ಕಿಣ್ವ), ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಂಖ್ಯೆಗಳಿಂದ ಎಫ್‌ಐಬಿ‑4 ಎಂಬ ಅಂಕವನ್ನು ಲೆಕ್ಕ ಹಾಕುತ್ತಾರೆ. ಜ್ವರದ ದಿನಗಳ ವರದಿಯನ್ನು ಇದಕ್ಕೆ ಬಳಸಬೇಡಿ, ಆಗ ರಕ್ತದ ಈ ಅಂಕಿಗಳೆಲ್ಲ ಏರುಪೇರಾಗಿರುತ್ತವೆ. ಪೂರ್ಣ ಗುಣವಾಗಿ ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ರಕ್ತ ಪರೀಕ್ಷಿಸಿ, ಸಕ್ಕರೆಯನ್ನೂ ನೋಡಿಸಿ.

ಪ್ರಶ್ನೆ (ಮಂಜೇಶ್ವರದಿಂದ ಒಬ್ಬರು): ನನ್ನ ಅಮ್ಮನಿಗೆ ಮಧುಮೇಹವೂ ಫ್ಯಾಟಿ ಲಿವರೂ ಇವೆ. ಜ್ವರ ಬಂದಾಗ ಪ್ಯಾರಾಸಿಟಮಾಲ್ ಕೊಡಬಹುದೇ? ಅವರು ನಿತ್ಯ ಅಮೃತಬಳ್ಳಿಯ ಕಷಾಯ ಕುಡಿಯುತ್ತಾರೆ.

ಉತ್ತರ: ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ದಿನದ ಮಿತಿಯನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ಶೀತದ ಮಾತ್ರೆಗಳಲ್ಲಿಯೂ ಅದೇ ಔಷಧ ಸೇರಿರುವುದುಂಟು. ಎರಡನ್ನೂ ಕೊಟ್ಟರೆ ಪ್ರಮಾಣ ಗೊತ್ತಿಲ್ಲದೆಯೇ ಇಮ್ಮಡಿಯಾಗುತ್ತದೆ. ಕಷಾಯದ ವಿಷಯದಲ್ಲಿ ನನ್ನ ಮಾತು ಹಿರಿಯರಿಗೆ ಹಿಡಿಸದಿರಬಹುದು: ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆದುದರಿಂದ ಸದ್ಯ ಅದನ್ನು ನಿಲ್ಲಿಸಿ. ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸುವ ಬಗ್ಗೆ, ಮಳೆಗಾಲಕ್ಕೆ ಮೊದಲೇ, ಅವರ ಮಧುಮೇಹದ ವೈದ್ಯರೊಡನೆ ಮಾತನಾಡಿ.