ಮೊದಲ ಅಧ್ಯಾಯದಲ್ಲೇ ಸಿಕ್ಕಿಕೊಂಡಿದ್ದೇನೆ: ನಿಧಾನವಾಗಿ ನೇಯ್ದರೆ ಬಟ್ಟೆಯ ಮೌಲ್ಯ ಹೆಚ್ಚುತ್ತದೆಯೇ?

ಹೊಸ ಓದುಗ:
ಮಾರ್ಕ್ಸ್‌ನ ‘ಬಂಡವಾಳ’ದ ಮೊದಲ ಸಂಪುಟವನ್ನು ಇಂಗ್ಲಿಷಿನಲ್ಲಿ ಓದಲು ಕುಳಿತಿದ್ದೇನೆ. ಅರ್ಥಶಾಸ್ತ್ರ ಓದಿದವನಲ್ಲ, ಯಾವ ಪಕ್ಷದವನೂ ಅಲ್ಲ, ಬರೀ ಕುತೂಹಲ. 20 ಗಜ ಲಿನನ್ ಬಟ್ಟೆಯೂ ಒಂದು ಕೋಟೂ ಸಮ ಎಂಬ ಒಂದೇ ಮಾತನ್ನು ಪುಟಗಟ್ಟಲೆ ತಿರುವಿ ಹಾಕುತ್ತಾನೆ, ಮುಂದೆ ಸಾಗಲಾಗುತ್ತಿಲ್ಲ. ಸರಕಿಗೆ ತಗಲಿದ ದುಡಿಮೆಯ ಹೊತ್ತೇ ಅದರ ಮೌಲ್ಯವಾದರೆ, ಸೋಮಾರಿ ನೇಕಾರನ ಬಟ್ಟೆಗೆ ಹೆಚ್ಚು ಮೌಲ್ಯ ಬರಬೇಕಲ್ಲವೇ? ಈ ಅಧ್ಯಾಯವನ್ನು ಬಿಟ್ಟು ಮುಂದಿನದನ್ನು ಓದಬಹುದೇ?

ಹಳೆಯ ಕಪಾಟು:
ಧಾರಾಳವಾಗಿ ಬಿಡಬಹುದು, ಅದಕ್ಕೆ ಮಾರ್ಕ್ಸ್‌ನದೇ ಅಪ್ಪಣೆಯಿದೆ. ಪುಸ್ತಕ ಹೊರಬಂದ 1867ರಲ್ಲೇ ಗೆಳೆಯ ಕುಗೆಲ್‌ಮನ್‌ಗೆ ಪತ್ರ ಬರೆದು, ಆತನ ಹೆಂಡತಿಗೆ ಸಲೀಸಾಗಿ ಓದಿಸಿಕೊಳ್ಳುವ ಭಾಗಗಳು ಯಾವುವೆಂದು ತಿಳಿಸಿದ್ದ: ಕೆಲಸದ ದಿನ, ಆಮೇಲೆ ಸಹಕಾರ, ಶ್ರಮವಿಭಜನೆ ಮತ್ತು ಯಂತ್ರಗಳು, ಕೊನೆಗೆ ಆದಿಮ ಸಂಚಯ, ಅಂದರೆ ಬಂಡವಾಳ ಮೊದಮೊದಲು ಹೇಗೆ ಕೂಡಿಕೊಂಡಿತು ಎಂಬ ಕಥೆ. ಇಂಗ್ಲಿಷ್ ಆವೃತ್ತಿಯಲ್ಲಿ ಇವು 10, 13ರಿಂದ 15 ಮತ್ತು 26ರಿಂದ 33ನೆಯ ಅಧ್ಯಾಯಗಳು.

ಹತ್ತರಿಂದ ಹಿಡಿಯಿರಿ. ಸಮೀಕರಣಗಳ ಕಾಟ ಕಡಿಮೆ. ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿಗಳೇ ಮಾತನಾಡುತ್ತವೆ. 1863ರಲ್ಲಿ ಲಂಡನ್ನಿನಲ್ಲಿ ಸತ್ತ ಮೇರಿ ಆ್ಯನ್ ವಾಕ್ಲಿ ಎಂಬ ಇಪ್ಪತ್ತು ವರ್ಷದ ಹುಡುಗಿ ಅಲ್ಲಿ ಬರುತ್ತಾಳೆ. ವೇಲ್ಸ್ ರಾಜಕುಮಾರಿಯ ಗೌರವಾರ್ಥ ನಡೆಯಲಿದ್ದ ನೃತ್ಯಕೂಟಕ್ಕೆ ಉಡುಪು ಸಿದ್ಧಪಡಿಸಲು ಅವಳು ಬಿಡುವಿಲ್ಲದೆ 26½ ಗಂಟೆ ದುಡಿದಿದ್ದಳು.

ಸೋಮಾರಿಯ ಪ್ರಶ್ನೆಗೆ ಉತ್ತರ ನೀವು ಕೆಳಗಿಟ್ಟ ಅಧ್ಯಾಯದ ಮೊದಲ ಕೆಲವು ಪುಟಗಳಲ್ಲೇ ಇದೆ. ಲೆಕ್ಕಕ್ಕೆ ಬರುವುದು ಒಬ್ಬ ನೇಕಾರ ತೆಗೆದುಕೊಂಡ ಹೊತ್ತಲ್ಲ. ಆ ಕಾಲದ ಸಾಮಾನ್ಯ ಉಪಕರಣ, ಸರಾಸರಿ ಕೌಶಲದಲ್ಲಿ ಆ ಸರಕಿಗೆ ಎಷ್ಟು ಹೊತ್ತು ಸಾಕೋ ಅಷ್ಟೇ. ಇಂಗ್ಲೆಂಡಿಗೆ ಯಂತ್ರಮಗ್ಗ ಬಂದ ಮೇಲೆ ನೂಲನ್ನು ಬಟ್ಟೆಯಾಗಿಸುವ ದುಡಿಮೆ ಸುಮಾರು ಅರ್ಧಕ್ಕಿಳಿಯಿತು ಎಂದು ಆತ ಉದಾಹರಣೆ ಕೊಡುತ್ತಾನೆ. ಕೈಮಗ್ಗದವನು ಮೊದಲಿನಷ್ಟೇ ಹೊತ್ತು ಕುಳಿತು ನೇಯ್ದರೂ ಅವನ ಒಂದು ಗಂಟೆಗೆ ಈಗ ಅರ್ಧ ಗಂಟೆಯ ಲೆಕ್ಕ.

ಕೆಂಪು ಸೆರಗು:
ಹಾಗಿದ್ದರೆ ಕೈಮಗ್ಗದ ಇಳಕಲ್ ಸೀರೆಗೆ ಪವರ್‌ಲೂಮ್ ಸೀರೆಗಿಂತ ಹೆಚ್ಚು ಬೆಲೆ ಏಕೆ? ಅಂಗಡಿಗೆ ಹೋದರೆ ಸಿದ್ಧಾಂತ ತಲೆಕೆಳಗಾಗಿ ಕಾಣುತ್ತದೆ.

ಹಳೆಯ ಕಪಾಟು:
ಒಳ್ಳೆಯ ತಕರಾರು. ಕೊಳ್ಳುವವರ ಕಣ್ಣಿಗೆ ಅವೆರಡೂ ಒಂದೇ ಸರಕಲ್ಲ. ಅಸಲಿ ಕೈನೇಯ್ಗೆಯನ್ನೇ ಬಯಸುವವರಿಗೆ ಪವರ್‌ಲೂಮ್ ಅದನ್ನು ಒದಗಿಸಲಾರದು, ಹಾಗಾಗಿ ಆ ಸೀರೆಯ ಹೋಲಿಕೆ ಬೇರೆ ಕೈಮಗ್ಗಗಳೊಂದಿಗೆ. ಅದನ್ನೇ ಪವರ್‌ಲೂಮ್ ಸೀರೆಯೆಂದು ಮಾರಲು ಹೋಗಿ, ಹೆಚ್ಚಿನ ದುಡಿಮೆಗೆ ಯಾರು ಕಾಸು ಕೊಡುತ್ತಾರೆ ನೋಡಿ. ಇನ್ನು ದುಡಿಮೆಯಿಂದ ಮತ್ತೆ ಹುಟ್ಟಿಸಲಾಗದ ಪುರಾತನ ವಸ್ತುಗಳು, ಮಹಾ ಕಲಾವಿದರ ಕೃತಿಗಳು ಇವುಗಳ ಬೆಲೆ ಆಕಸ್ಮಿಕ ಸನ್ನಿವೇಶಗಳ ಮೇಲೆ ನಿಲ್ಲಬಹುದು ಎಂದು ಮೂರನೆಯ ಸಂಪುಟದಲ್ಲಿ ಮಾರ್ಕ್ಸ್ ಒಪ್ಪಿಕೊಂಡಿದ್ದಾನೆ.

ಖಾತೆ ಕಿರ್ದಿ:
ಒಂದು ಪಕ್ಷದ ಮಾತಷ್ಟೇ ಕೇಳಬೇಡಿ. ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಸಂಪಾದಿಸಿದ ಆ ಮೂರನೆಯ ಸಂಪುಟ 1894ರಲ್ಲಿ ಬಂದಾಗ, ಅಲ್ಲಿನ ಬೆಲೆಯ ಸಿದ್ಧಾಂತ ಮೊದಲ ಸಂಪುಟದ ಮೌಲ್ಯ ಸಿದ್ಧಾಂತಕ್ಕೆ ವಿರುದ್ಧವಾಗಿದೆ ಎಂದು ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ 1896ರಲ್ಲಿ ಎತ್ತಿದ ಆಕ್ಷೇಪದ ಜಗಳ ಇನ್ನೂ ಮುಗಿದಿಲ್ಲ. ಅರ್ಥವಾಗದ್ದೆಲ್ಲ ನಿಮ್ಮ ದಡ್ಡತನವಲ್ಲ.

ಹೊಸ ಓದುಗ:
ಹತ್ತನೆಯದನ್ನು ಓದಿದೆ, ನಿದ್ದೆ ಹಾಳಾಯಿತು. ಈಗ ಬೇರೆ ತೊಡಕು. ಎಲ್ಲವೂ ಅದರದರ ಮೌಲ್ಯಕ್ಕೇ ಮಾರಾಟವಾದರೆ ಲಾಭ ಎಲ್ಲಿಂದ ಬರುತ್ತದೆ? ಯಾರಾದರೂ ಮೋಸ ಮಾಡಲೇಬೇಕಲ್ಲ?

ಹಳೆಯ ಕಪಾಟು:
ಮೋಸವಿಲ್ಲದೆಯೂ ಲಾಭ ಹೇಗೆ ಎಂಬುದೇ ಆತನ ಮುಖ್ಯ ಪ್ರಶ್ನೆ. ಇದಕ್ಕೆ ದಪ್ಪ ಪುಸ್ತಕ ಬೇಡ, 1865ರಲ್ಲಿ ಲಂಡನ್ನಿನ ಕಾರ್ಮಿಕ ಮುಖಂಡರ ಮುಂದೆ ಮಾಡಿದ ‘ಮೌಲ್ಯ, ಬೆಲೆ ಮತ್ತು ಲಾಭ’ ಉಪನ್ಯಾಸ ಸಾಕು. ಅಲ್ಲಿನ ಲೆಕ್ಕ ಹೀಗಿದೆ: ಕಾರ್ಮಿಕನ ಒಂದು ದಿನದ ಜೀವನಾಧಾರಕ್ಕೆ ಆರು ಗಂಟೆಯ ದುಡಿಮೆ ಬೇಕು, ಹಣದಲ್ಲಿ ಮೂರು ಶಿಲ್ಲಿಂಗ್. ಮಾಲೀಕ ಆ ಮೂರು ಶಿಲ್ಲಿಂಗನ್ನು ಪೂರ್ತಿ ಕೊಡುತ್ತಾನೆ. ಆದರೆ ಆತ ಕೊಂಡದ್ದು ಇಡೀ ದಿನ ದುಡಿಸಿಕೊಳ್ಳುವ ಹಕ್ಕನ್ನು. ಹನ್ನೆರಡು ಗಂಟೆ ದುಡಿಸಿದರೆ ಆರು ಶಿಲ್ಲಿಂಗಿನ ಹೊಸ ಮೌಲ್ಯ ಹುಟ್ಟುತ್ತದೆ. ಮೂರು ಕೂಲಿಗೆ, ಉಳಿದ ಮೂರು ಹೆಚ್ಚುವರಿ ಮೌಲ್ಯ.

ಹೊಸ ಓದುಗ:
ಅಂದರೆ ದಿನ ಹತ್ತು ಗಂಟೆಗೆ ಇಳಿದರೆ ಮಾಲೀಕನಿಗೆ ಉಳಿಯುವುದು ನಾಲ್ಕು ಗಂಟೆ, ಎರಡು ಶಿಲ್ಲಿಂಗ್?

ಹಳೆಯ ಕಪಾಟು:
ಹೌದು, ಬೇರೇನೂ ಬದಲಾಗದಿದ್ದರೆ. ಈಗ 9ನೆಯ ಅಧ್ಯಾಯದ ಮೂರನೆಯ ಭಾಗಕ್ಕೆ ಹೋಗಿ. ಗಿರಣಿಯ ನಿವ್ವಳ ಲಾಭವೆಲ್ಲ ದಿನದ ಕೊನೆಯ ಗಂಟೆಯಲ್ಲೇ ಹುಟ್ಟುತ್ತದೆ, ಆ ಗಂಟೆ ಕಡಿದರೆ ಲಾಭ ಸೊನ್ನೆ ಎಂದು ನಸೌ ಸೀನಿಯರ್ ಎಂಬ ಅರ್ಥಶಾಸ್ತ್ರಜ್ಞ 1837ರಲ್ಲಿ ವಾದಿಸಿದ್ದ. ಮಾರ್ಕ್ಸ್‌ನ ಉತ್ತರ ಓದುವ ಮೊದಲು ಆ ಲೆಕ್ಕದ ತಪ್ಪನ್ನು ನೀವೇ ಹುಡುಕಿ ಇಲ್ಲಿ ಬರೆಯಿರಿ. ಹತ್ತಿಗೂ ಯಂತ್ರಕ್ಕೂ ಮೊದಲೇ ಇರುವ ಮೌಲ್ಯವನ್ನು ಸೀನಿಯರ್ ಎಲ್ಲಿ ಸೇರಿಸಿದ್ದಾನೆ ಎಂಬುದರ ಮೇಲೆ ಕಣ್ಣಿಡಿ.