ನಲವತ್ತು ದಾಟಿದ ಮೇಲೆ ಮೊದಲ ವಾದ್ಯ: ಸಂಗೀತ ಶಿಕ್ಷಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ದೊಡ್ಡವರಾದ ಮೇಲೆ ಮೊದಲ ಬಾರಿಗೆ ವಾದ್ಯ ಕಲಿಯಬೇಕೆಂದಿರುವವರು ಯಾವುದನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮೈಸೂರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕೊಳಲು ಮತ್ತು ವೀಣೆ ಕಲಿಸುತ್ತಿರುವ ನಮ್ಮ ಸದಸ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯೊಂದಿಗೆ ವಯಸ್ಸು, ಆರೋಗ್ಯ ಮತ್ತು ದಿನಕ್ಕೆ ಸಿಗುವ ಸಮಯವನ್ನು ತಿಳಿಸಬೇಕೆಂದು ವಿನಂತಿ.

ತುಮಕೂರಿನ ಸದಸ್ಯರು: ನಮಸ್ಕಾರ ಮೇಡಂ. ನನಗೆ 41 ವರ್ಷ, ಸಂಗೀತದ ಗಂಧಗಾಳಿಯೂ ಇಲ್ಲ. ಎಲ್ಲಕ್ಕಿಂತ ಸುಲಭವಾದ ವಾದ್ಯ ಯಾವುದು?

ಶಿಕ್ಷಕಿ: ನಮಸ್ಕಾರ. ಮೊದಲ ದಿನವೇ ಸರಿಯಾದ ಸ್ವರ ಕೊಡುವ ವಾದ್ಯ ಬೇರೆ, ಹಾಡಿದಂತೆ ನುಡಿಸಲು ಒದಗುವ ವಾದ್ಯ ಬೇರೆ. ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಮನೆ ಒತ್ತಿದರೆ ಸ್ವರ ಸಿದ್ಧವಾಗಿ ಬರುತ್ತದೆ, ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಅಲ್ಲಿಲ್ಲ. ವೀಣೆಯಲ್ಲಿ ತಂತಿಯ ಕೆಳಗೆ ಅಡ್ಡಲಾಗಿ ಕೂರಿಸಿದ 24 ಮೆಟ್ಟಿಲುಗಳಿರುವುದರಿಂದ ಬೆರಳಿಡುವ ಜಾಗ ಕಣ್ಣಿಗೇ ಕಾಣುತ್ತದೆ. ತಂತಿ ಎಳೆದು ಗಮಕ (ಸ್ವರದ ಓಲಾಟ) ತರುವುದಕ್ಕೆ ಮಾತ್ರ ವರ್ಷಗಳು ಹಿಡಿಯುತ್ತವೆ. ಕೊಳಲಿನಲ್ಲಿ ಮೊದಲ ವಾರ ಬರೀ ಗಾಳಿಯ ಸದ್ದೇ ಬರಬಹುದು, ಆಮೇಲೆ ಬೇಗ ಕೈಗೆ ಹತ್ತುತ್ತದೆ. ಪಿಟೀಲಿಗೆ ಮೆಟ್ಟಿಲಿಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ, ಆದ್ದರಿಂದ ನಲವತ್ತರಲ್ಲಿ ಮೊದಲ ವಾದ್ಯವಾಗಿ ಅದನ್ನು ನಾನು ಹೇಳುವುದಿಲ್ಲ. ಎರಡು ತಿಂಗಳು ಶ್ರುತಿ ಪೆಟ್ಟಿಗೆ ಹಾಕಿಕೊಂಡು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಗಳನ್ನು (ಸರಿಗಮದ ಮೊದಲ ಪಾಠಗಳನ್ನು) ಬಾಯಲ್ಲಿ ಹಾಡಿ. ಅಷ್ಟರಲ್ಲಿ ಕಿವಿ ಸ್ವಲ್ಪ ತಿದ್ದಿಕೊಂಡಿರುತ್ತದೆ. ಅನಂತರ, ಯಾವ ವಾದ್ಯವನ್ನು ಹಿಡಿದು ದಿನಕ್ಕೆ ಅರ್ಧ ಗಂಟೆ ನೋವಿಲ್ಲದೆ ಕೂರಬಲ್ಲಿರೋ ಅದನ್ನು ತೆಗೆದುಕೊಳ್ಳಿ.

ದಾವಣಗೆರೆಯ ಸದಸ್ಯೆ: ಮೇಡಂ, ನನಗೆ 52. ಅತ್ತೆಯವರ ವೀಣೆ ಇಪ್ಪತ್ತು ವರ್ಷಗಳಿಂದ ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟಿದ್ದು ಹಾಗೆಯೇ ಇದೆ. ಮೊನ್ನೆ ಬಿಚ್ಚಿ ನೋಡಿದಾಗ ಮೆಟ್ಟಿಲುಗಳ ಕೆಳಗಿನ ಕಪ್ಪು ಮೇಣ ಬಿರುಕು ಬಿಟ್ಟಿತ್ತು, ಎರಡು ಮೆಟ್ಟಿಲು ಕೈಯಲ್ಲೇ ಬಂದವು. ಅದರಲ್ಲೇ ಕಲಿಯಬಹುದೇ, ಹೊಸದನ್ನು ಕೊಳ್ಳಬೇಕೇ?

ಶಿಕ್ಷಕಿ: ಕೊಳ್ಳಬೇಡಿ. ವೀಣೆಯ ದುಂಡನೆಯ ಕೊಡದಲ್ಲಿ ಮತ್ತು ಉದ್ದನೆಯ ದಂಡಿಯಲ್ಲಿ ಸೀಳು ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ, ತಂತಿ ಬಿಗಿಯುವ ಬಿರಡೆಗಳು ತಿರುಗುತ್ತವೆಯೇ, ತಂತಿ ಹೊರುವ ಕುದುರೆ ಅಲುಗಾಡುತ್ತದೆಯೇ ಎಂದು ಪರೀಕ್ಷಿಸಿ. ಅವು ಗಟ್ಟಿಯಾಗಿದ್ದರೆ ಮೇಳ ಕಟ್ಟುವವರಲ್ಲಿಗೆ (ಮೇಣದ ಮೇಲೆ ಮೆಟ್ಟಿಲು ಕೂರಿಸುವವರಲ್ಲಿಗೆ) ಒಯ್ಯಿರಿ. ಹಳೆಯ ಮೇಣ ತೆಗೆದು ಹೊಸ ಮೇಣ ಹಾಕಿ, ಒಂದೊಂದು ಮೆಟ್ಟಿಲನ್ನೂ ಸ್ವರ ಕೇಳಿ ಕೂರಿಸುತ್ತಾರೆ. ಬಿದ್ದ ಎರಡು ಮೆಟ್ಟಿಲುಗಳನ್ನು ಎತ್ತಿಟ್ಟುಕೊಂಡಿರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಮಂಡಿ ಒಪ್ಪದಿದ್ದರೆ ಮೊದಲೇ ಹೇಳಿ, ಅಗಲವಾದ ಮಂಚದ ಮೇಲೆ ಕೂರಿಸಿ ಕಲಿಸುವ ಕ್ರಮವೂ ಇದೆ.

ಬೆಂಗಳೂರಿನ ಸದಸ್ಯರು: ಮೇಣಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶದ ಪ್ರಕಾರ, ಕೂದಲು ಒಣಗಿಸುವ ಯಂತ್ರವನ್ನು ಹತ್ತು ನಿಮಿಷ ಹಿಡಿದರೆ ಮೇಣ ಕರಗಿ ತಾನೇ ಕೂಡಿಕೊಳ್ಳುತ್ತದೆ.

ಶಿಕ್ಷಕಿ: ದಯವಿಟ್ಟು ಹಾಗೆ ಮಾಡಬೇಡಿ. ಬಿಸಿ ತಾಗಿದರೆ ಗಟ್ಟಿಯಾಗಿ ಉಳಿದಿರುವ ಮೆಟ್ಟಿಲುಗಳೂ ಸರಿದು ಹೋಗುತ್ತವೆ. ಬೇಸಗೆಯಲ್ಲಿ ಮುಚ್ಚಿದ ಕಾರಿನಲ್ಲಿ ವೀಣೆ ಇಟ್ಟು ಮೇಳವನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಮಂಡ್ಯದ ಸದಸ್ಯರು: ಮೇಡಂ, ಕಲಿಯಲು ಅತ್ಯಂತ ಸುಲಭ ಯಾವುದು? ವಯಸ್ಸು 45.

ಶಿಕ್ಷಕಿ: ತುಮಕೂರಿನವರಿಗೆ ಬರೆದ ಉತ್ತರ ಮೇಲೆ ಇದೆ.

ಶಿವಮೊಗ್ಗದ ಸದಸ್ಯರು: ನನಗೆ 61, ನಿವೃತ್ತ. ಮೂರು ವಾರಗಳ ಹಿಂದೆ ಎರಡೂವರೆ ಅಡಿ ಉದ್ದದ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಕೊಂಡಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಊದುತ್ತೇನೆ. ಸ್ವರ ಇನ್ನೂ ಕೂಡಿಲ್ಲ. ಊದಿದ ಮೇಲೆ ತಲೆ ಸುತ್ತುತ್ತದೆ, ತುಟಿ, ಬೆರಳು ಜುಮ್ಮೆನ್ನುತ್ತವೆ. ಇದು ಅಭ್ಯಾಸವಾಗುತ್ತದೆ ಎಂದು ಸ್ನೇಹಿತರು ಹೇಳಿದರು. ಎರಡು ದಿನಗಳಿಂದ ಸಂಜೆ ತಲೆನೋವು, ದೀಪದ ಸುತ್ತ ಬಣ್ಣದ ಬಳೆಯಂತೆ ಕಾಣುತ್ತದೆ. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆಗೆ) ಹನಿ ಹಾಕಿಕೊಳ್ಳುತ್ತಿದ್ದೇನೆ. ಕೊಳಲು ಬದಲಿಸಬೇಕೇ?

ಶಿಕ್ಷಕಿ: ಸರ್, ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ನಿಮಗೆ ಬರೆಯುತ್ತಿದ್ದೇನೆ. ಕೊಳಲನ್ನು ಈ ಕ್ಷಣ ಕೆಳಗಿಡಿ. ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಮತ್ತು ತಲೆನೋವು ಕಣ್ಣಿನೊಳಗಿನ ಒತ್ತಡ ಏರಿರುವುದರ ಸೂಚನೆಯಾಗಿರಬಹುದು. ನನ್ನ ತಂದೆಯವರಿಗೆ ಇದೇ ಕಾಯಿಲೆಯಿತ್ತು. ಬಳೆ ಕಾಣುತ್ತಿದೆ ಎಂಬುದನ್ನು ಅವರು ನಾಲ್ಕು ದಿನ ಮನೆಯಲ್ಲಿ ಯಾರಿಗೂ ಹೇಳದೆ ಇದ್ದುದರಿಂದ ಆದ ನಷ್ಟ ಮತ್ತೆ ತುಂಬಲಿಲ್ಲ. ಈಗ ಏಳೂವರೆ ಗಂಟೆ. ನಿಮ್ಮ ಕಣ್ಣಿನ ವೈದ್ಯರಿಗೆ ಇಂದೇ ಫೋನ್ ಮಾಡಿ. ಕಣ್ಣು ನೋಯುತ್ತಿದ್ದರೆ, ಕೆಂಪಾಗಿದ್ದರೆ ಅಥವಾ ವಾಂತಿ ಬಂದಂತಾಗುತ್ತಿದ್ದರೆ ಬೆಳಗಿನವರೆಗೆ ಕಾಯದೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ. ವಾಹನವನ್ನು ನೀವೇ ಓಡಿಸಬೇಡಿ.

ಇನ್ನು ಕೊಳಲಿನ ವಿಷಯ. ತಡೆಗೆ ಎದುರಾಗಿ ಬಲವಾಗಿ ಊದಿದಾಗ ಕಣ್ಣಿನ ಒತ್ತಡ ಏರುತ್ತದೆ. ಟ್ರಂಪೆಟ್, ಓಬೋದಂಥ ವಾದ್ಯಗಳಲ್ಲಿ ಇದನ್ನು ವೈದ್ಯರು ಅಳೆದು ನೋಡಿದ್ದಾರೆ. ಕೊಳಲಿನಲ್ಲಿ ಗಾಳಿ ರಂಧ್ರದ ಅಂಚನ್ನು ತಾಗಿ ಹೊರಗೇ ಹೋಗುವುದರಿಂದ ತಡೆ ಕಡಿಮೆ. ಆದರೆ ಸ್ವರ ಕೂಡದವರು ಕೆನ್ನೆ ಉಬ್ಬಿಸಿ, ಕುತ್ತಿಗೆ ಬಿಗಿದು ಊದುತ್ತಾರೆ, ಅಲ್ಲಿಗೆ ಆ ಅನುಕೂಲ ಹೋಗುತ್ತದೆ. ತಲೆಸುತ್ತು, ಜುಮ್ಮೆನ್ನುವುದು ಬೇರೆಯ ಕಾರಣಕ್ಕೆ. ಸ್ವರ ಹುಟ್ಟದಿದ್ದಾಗ ಬೇಕಾದುದಕ್ಕಿಂತ ಬಹಳ ಹೆಚ್ಚು ಗಾಳಿ ಖರ್ಚಾಗುತ್ತದೆ, ಅದನ್ನು ತುಂಬಲು ಬೇಗ ಬೇಗ ಆಳವಾದ ಉಸಿರು ತೆಗೆದುಕೊಳ್ಳುತ್ತೀರಿ, ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂದು ನಿಮ್ಮ ಸ್ನೇಹಿತರು ಹೇಳಿದ್ದು ತಪ್ಪು. ತಲೆ ಸುತ್ತಿದರೆ ನಿಲ್ಲಿಸಬೇಕು, ಅಷ್ಟೆ. ಹೊಸಬರಿಗೆ ನಾನು ಕೊಡುವ ಸಮಯ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕು ಸಲ, ಅದೂ ಕುಳಿತುಕೊಂಡು.

ನೀವು ಕೊಂಡಿರುವ ಅಳತೆಯೂ ಹೊಸಬರದಲ್ಲ. ಹಿಂದೂಸ್ತಾನಿ ಕೊಳಲುವಾದಕ ಪನ್ನಾಲಾಲ್ ಘೋಷರು ಬಳಕೆಗೆ ತಂದ ಉದ್ದ ಬಾನ್ಸುರಿಯಲ್ಲಿ ರಂಧ್ರಗಳ ನಡುವಿನ ಅಂತರ ಹೆಚ್ಚು, ಉಂಗುರದ ಬೆರಳು ಹಿಗ್ಗಬೇಕು, ಗಾಳಿಯೂ ಹೆಚ್ಚು ಬೇಕು. ಕರ್ನಾಟಕ ಪದ್ಧತಿಯ ಐದು ಮನೆ ಶ್ರುತಿಯ (ಹಾರ್ಮೋನಿಯಂನ ಐದನೇ ಬಿಳಿ ಮನೆಯ ಸ್ವರವನ್ನು ಷಡ್ಜ, ಅಂದರೆ ‘ಸ’ ಆಗಿಟ್ಟ) ಕೊಳಲು ಒಂದು ಮೊಳಕ್ಕಿಂತ ಕಡಿಮೆ ಉದ್ದವಿರುತ್ತದೆ, ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ ಬರುತ್ತದೆ. ಆದರೆ ಇದೆಲ್ಲ ವೈದ್ಯರು ಊದಬಹುದು ಎಂದ ಮೇಲಿನ ಮಾತು. ನಿಮ್ಮ ಕಣ್ಣಿನ ಬಗ್ಗೆ ತೀರ್ಮಾನ ಕೊಡುವ ಅಧಿಕಾರ ನನಗಿಲ್ಲ. ಫೋನ್ ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಬೆಂಗಳೂರಿನ ಸದಸ್ಯರು: ಹೆದರಿಸುವ ಅಗತ್ಯವಿರಲಿಲ್ಲ. ಕೊಳಲು ಊದುವುದು ಪ್ರಾಣಾಯಾಮವೇ. 21 ದಿನ ಊದಿದರೆ ಆಸ್ತಮಾ ಗುಣವಾಗಿ ಇನ್‌ಹೇಲರ್ ಬಿಡಬಹುದು ಎಂಬ ಸಂದೇಶವನ್ನು ಹಾಕುತ್ತಿದ್ದೇನೆ, ಎಲ್ಲರೂ ಓದಿ.

ಶಿಕ್ಷಕಿ: ಇದನ್ನು ನೀವು ಅಳಿಸಬೇಕು. ನನ್ನ ತರಗತಿಯಲ್ಲಿ ಆಸ್ತಮಾ ಇರುವ ಇಬ್ಬರಿದ್ದಾರೆ, ಇಬ್ಬರೂ ಇನ್‌ಹೇಲರನ್ನು ಕೊಳಲಿನ ಚೀಲದಲ್ಲೇ ಇಟ್ಟುಕೊಂಡು ಬರುತ್ತಾರೆ. ಯಾರೂ ಯಾವ ಔಷಧಿಯನ್ನೂ ಕೊಳಲು ನಂಬಿ ನಿಲ್ಲಿಸಬಾರದು.

ಹುಬ್ಬಳ್ಳಿಯ ಸದಸ್ಯೆ: ಗಿಟಾರ್ ಆರಂಭಿಸಿದ್ದೇನೆ, ಬೆರಳ ತುದಿ ಉರಿಯುತ್ತದೆ. ತುದಿಗೆ ದಿಢೀರ್ ಅಂಟು ಹಚ್ಚಿಕೊಂಡರೆ ಚರ್ಮ ಗಟ್ಟಿಯಾಗುತ್ತದೆ ಎಂದು ವಿಡಿಯೋ ಬಂದಿದೆ, ನಿಜವೇ ಅಕ್ಕಾ?

ಶಿಕ್ಷಕಿ: ಅಂಟು ಬೇಡ, ಸ್ಪಿರಿಟ್ ಬೇಡ, ಉಪ್ಪುನೀರು ಬೇಡ. ಹತ್ತು ನಿಮಿಷ ನುಡಿಸಿ ಬಿಡಿ, ಮತ್ತೆ ಸಂಜೆ ಹತ್ತು ನಿಮಿಷ. ಮೂರು ನಾಲ್ಕು ವಾರಗಳಲ್ಲಿ ಚರ್ಮ ತಾನೇ ಗಟ್ಟಿಯಾಗುತ್ತದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ತಂತಿ ಹಲಗೆಯಿಂದ ಎತ್ತರದಲ್ಲಿದ್ದರೆ ಇಳಿಸಿಕೊಡುವಂತೆ ಅಂಗಡಿಯವರನ್ನು ಕೇಳಿ. ಅದೂ ಆಗದಿದ್ದರೆ ನಾಲ್ಕು ನೈಲಾನ್ ತಂತಿಗಳ ಯುಕುಲೇಲಿ ಕೈಗೆ ಹಗುರ.

ಧಾರವಾಡದ ಸದಸ್ಯರು: ಮೇಡಂ ಅವರು ಹಾರ್ಮೋನಿಯಂ ಅನ್ನು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದು ಬೇಸರ ತಂದಿತು. ನಮ್ಮ ಭಾಗದ ನಾಟಕ ಕಂಪನಿಗಳಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರಿಲ್ಲದೆ ಪರದೆ ಏಳುತ್ತಿರಲಿಲ್ಲ. ಬೆಳಗಾವಿಯ ರಾಮಭಾವು ಬಿಜಾಪುರೆಯವರ ಏಕವಾದನ ಕೇಳಿದವರು ಪೇಟಿಯಲ್ಲಿ ಗಾಯನವಿಲ್ಲ ಎನ್ನಲಾರರು. ಭಜನೆ, ವಚನ, ದಾಸರ ಪದ ಹಾಡಬೇಕೆನ್ನುವ ಐವತ್ತು ವರ್ಷದವರಿಗೆ ಇದಕ್ಕಿಂತ ಯೋಗ್ಯವಾದದ್ದು ಇನ್ನೊಂದಿಲ್ಲ.

ಬೆಂಗಳೂರಿನ ಸದಸ್ಯರು: ಆಕಾಶವಾಣಿಯೇ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ಪರದೇಶದ ಪೆಟ್ಟಿಗೆ, ಸ್ವರಗಳ ನಡುವಿನ ನಮ್ಮ ಸೂಕ್ಷ್ಮ ಶ್ರುತಿಗಳು ಅದರಲ್ಲಿಲ್ಲ.

ಧಾರವಾಡದ ಸದಸ್ಯರು: ಪಿಟೀಲು ಎಲ್ಲಿಂದ ಬಂದದ್ದು ಸರ್? ಬಾಲುಸ್ವಾಮಿ ದೀಕ್ಷಿತರು ಯುರೋಪಿನ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿಕೊಂಡು ನುಡಿಸಿದರು. ಅದನ್ನು ಪರದೇಶದ್ದೆಂದು ನೀವು ಕರೆಯುವುದಿಲ್ಲ.

ಬೆಂಗಳೂರಿನ ಸದಸ್ಯರು: ಪಿಟೀಲಿನಲ್ಲಿ ಗಮಕ ಬರುತ್ತದೆ, ಪೆಟ್ಟಿಗೆಯಲ್ಲಿ ಬರುವುದಿಲ್ಲ. ಇಷ್ಟು ತಿಳಿಯದವರು ವಾದ ಮಾಡಬಾರದು.

ಧಾರವಾಡದ ಸದಸ್ಯರು: ತಿಳಿಯದವನು ಎಂದು ಕರೆಯುವ ಮೊದಲು, ಮೇಣಕ್ಕೆ ಬಿಸಿಗಾಳಿ ಹಿಡಿಯಲು ಹೇಳಿದವರು ಯಾರೆಂದು ಮೇಲೆ ನೋಡಿಕೊಳ್ಳಿ.

ಮಂಗಳೂರಿನ ಸದಸ್ಯೆ: ದಯಮಾಡಿ ಇಬ್ಬರೂ ನಿಲ್ಲಿಸಿ. ವೀಣೆ ಬಾಡಿಗೆಗೆ ಸಿಗುತ್ತದೆಯೇ ಎಂದು ನಾನು ಆಗಲೇ ಖಾಸಗಿಯಾಗಿ ಕೇಳಿದ್ದೆ, ಉತ್ತರ ಬಂದಿಲ್ಲ.

ಶಿಕ್ಷಕಿ: ಧಾರವಾಡದವರ ಆಕ್ಷೇಪ ನ್ಯಾಯವಾದದ್ದು, ಒಪ್ಪುತ್ತೇನೆ. ಹಾಡಿಗೆ ಜೊತೆಯಾಗಿ ಬೇಕಾದರೆ ಹಾರ್ಮೋನಿಯಂ ಒಳ್ಳೆಯ ಆಯ್ಕೆ. ನನ್ನ ಹಿಂಜರಿಕೆ ಇಷ್ಟೇ: ಹೊಸಬರು ಮನೆ ಒತ್ತಿ ಸ್ವರ ಬಂತೆಂದು ತೃಪ್ತರಾಗುತ್ತಾರೆ, ತಮ್ಮ ಗಂಟಲು ಅದಕ್ಕಿಂತ ಕೆಳಗಿದೆ ಎಂಬುದು ಅವರ ಕಿವಿಗೆ ಬೀಳುವುದಿಲ್ಲ. ಷಡ್ಜ, ಪಂಚಮ (ಸ, ಪ) ಎರಡನ್ನೇ ಒತ್ತಿ ಹಿಡಿದು ಉಳಿದ ಸ್ವರಗಳನ್ನು ಬಾಯಲ್ಲಿ ಹಾಡಿದರೆ ಆ ತೊಂದರೆ ಇಲ್ಲ.

ಕೋಲಾರದ ಸದಸ್ಯರು: ತಾಳವಾದ್ಯ ಸುಲಭವಲ್ಲವೇ? ಹಳೆಯ ಖಂಜಿರವೊಂದು ಮಾರಾಟಕ್ಕಿದೆ, ಉಡದ ಚರ್ಮದ್ದಂತೆ, ನಾದ ಚೆನ್ನಾಗಿದೆ.

ಶಿಕ್ಷಕಿ: ಕೊಳ್ಳಬೇಡಿ. ಉಡವು ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಪ್ರಾಣಿ. ಮೇಕೆಯ ಚರ್ಮದ್ದು ಅಥವಾ ಕೃತಕ ಹೊದಿಕೆಯದ್ದು ಸಿಗುತ್ತದೆ. ಒಂದೇ ಕೈಯಲ್ಲಿ ನುಡಿಸುವುದರಿಂದ ಸುಲಭವೆಂದು ಕಾಣುತ್ತದೆ, ಆದರೆ ಸಾಮಾನ್ಯವಾಗಿ ಮೃದಂಗದ ಪಾಠ ಆದವರೇ ಖಂಜಿರಕ್ಕೆ ಬರುತ್ತಾರೆ.

ಅಮೆರಿಕದ ಮಿನೆಸೋಟಾದಲ್ಲಿರುವ ಸದಸ್ಯೆ: ಊರಿನಿಂದ ತಂದ ಬಿದಿರಿನ ಕೊಳಲು ಮೊದಲ ಚಳಿಗಾಲದಲ್ಲೇ ಉದ್ದಕ್ಕೆ ಸೀಳಿತು. ಅಂಟಿಸಬಹುದೇ?

ಶಿಕ್ಷಕಿ: ಹೀಟರಿನ ಒಣಗಾಳಿಗೆ ಬಿದಿರು ಸೀಳುತ್ತದೆ. ಸೀಳಿದ್ದು ಮೊದಲಿನಂತೆ ನುಡಿಯುವುದು ಕಷ್ಟ. ಮುಂದಿನದಕ್ಕೆ ರಂಧ್ರಗಳ ನಡುವೆ ಬಿಗಿಯಾಗಿ ದಾರ ಸುತ್ತಿಸಿಕೊಳ್ಳಿ, ಒಳಮೈಗೆ ಆಗಾಗ ತೆಳುವಾಗಿ ಎಣ್ಣೆ ಹಚ್ಚಿ. ಅಭ್ಯಾಸಕ್ಕೆ ಪಿವಿಸಿ ಕೊಳಲು ಸಾಕು.

ರಾಯಚೂರಿನ ಸದಸ್ಯರು: ಎಲ್ಲಕ್ಕಿಂತ ಸುಲಭವಾದ ವಾದ್ಯ ಯಾವುದೆಂದು ಒಂದೇ ಪದದಲ್ಲಿ ಹೇಳಿ ಮೇಡಂ, ಇಷ್ಟುದ್ದ ಓದಲು ಸಮಯವಿಲ್ಲ.

ಶಿಕ್ಷಕಿ: ಓದಲು ಐದು ನಿಮಿಷ ಇಲ್ಲದವರಿಗೆ ಅಭ್ಯಾಸಕ್ಕೆ ಅರ್ಧ ಗಂಟೆ ಎಲ್ಲಿಂದ ಬರುತ್ತದೆ? ಶಿವಮೊಗ್ಗದವರಿಂದ ಇನ್ನೂ ಉತ್ತರವಿಲ್ಲ. ಅವರ ಪರಿಚಯವಿರುವವರು ದಯವಿಟ್ಟು ಫೋನ್ ಮಾಡಿ.

ಬೆಂಗಳೂರಿನ ಸದಸ್ಯರು: ಪ್ರಶ್ನೆ ಕೇಳಿದವರಿಗೆ ಹೀಗೆ ಉತ್ತರಿಸುವುದು ಗುರುಗಳ ಲಕ್ಷಣವಲ್ಲ.

ನಿರ್ವಾಹಕರು: ಇನ್‌ಹೇಲರ್ ಸಂದೇಶವನ್ನು ಅಳಿಸಲಾಗಿದೆ. ಪೇಟಿಯ ಚರ್ಚೆ ಇಲ್ಲಿಗೆ ಸಾಕು.

ಶಿವಮೊಗ್ಗದ ಸದಸ್ಯರು (ಮರುದಿನ ಮಧ್ಯಾಹ್ನ): ಕ್ಷಮಿಸಿ ಮೇಡಂ, ರಾತ್ರಿಯೇ ಮಗನೊಂದಿಗೆ ಆಸ್ಪತ್ರೆಗೆ ಹೋಗಿದ್ದೆ. ಬಲಗಣ್ಣಿನ ಒತ್ತಡ ಬಹಳ ಏರಿತ್ತು. ರಾತ್ರಿಯೇ ಔಷಧಿ ಕೊಟ್ಟು ಇಳಿಸಿದರು, ಹನಿಯನ್ನೂ ಬದಲಿಸಿದ್ದಾರೆ. ಎರಡು ವಾರದ ನಂತರ ಮತ್ತೆ ನೋಡಿ ಹೇಳುವವರೆಗೆ ಊದಬಾರದು ಎಂದಿದ್ದಾರೆ. ಅಲ್ಲಿಯವರೆಗೆ ಕೊಳಲನ್ನು ಮುಟ್ಟಲೇಬಾರದೇ?

ಶಿಕ್ಷಕಿ: ಹೋದದ್ದು ಒಳ್ಳೆಯದಾಯಿತು ಸರ್, ರಾತ್ರಿಯೆಲ್ಲ ಅದೇ ಯೋಚನೆಯಿತ್ತು. ಮುಟ್ಟಬಹುದು, ಊದಬೇಡಿ. ಸಾಧ್ಯವಾದರೆ ಚಿಕ್ಕ ಕೊಳಲನ್ನು ತರಿಸಿಕೊಂಡು ತೊಡೆಯ ಮೇಲೆ ಅಡ್ಡವಾಗಿ ಇಟ್ಟುಕೊಳ್ಳಿ. ಶ್ರುತಿ ಹಾಕಿ, ಮೆಲುದನಿಯಲ್ಲಿ ಸರಳೆ ವರಸೆ ಹಾಡುತ್ತ, ಹಾಡಿದ ಸ್ವರಕ್ಕೆ ತಕ್ಕಂತೆ ರಂಧ್ರಗಳನ್ನು ಮುಚ್ಚಿ ತೆರೆಯಿರಿ. ಬೆರಳ ತುದಿಯಿಂದಲ್ಲ, ತುದಿಯ ಕೆಳಗಿನ ಮೆತ್ತನೆಯ ಭಾಗದಿಂದ ಮುಚ್ಚಬೇಕು. ಮುಚ್ಚಿದ ಮೇಲೆ ಬೆರಳಿನ ಮೇಲೆ ರಂಧ್ರದ ದುಂಡಗಿನ ಗುರುತು ಪೂರ್ತಿಯಾಗಿ ಮೂಡಿದೆಯೇ ನೋಡಿ, ಅರ್ಧ ಮೂಡಿದ್ದರೆ ಅಲ್ಲಿ ಗಾಳಿ ಸೋರುತ್ತದೆ ಎಂದು ಅರ್ಥ.